ಹೊಳೆಬಾಗಿಲಿನಿಂದ ಸೇತುವೆಗೆ: ಶರಾವತಿ ಹಿನ್ನೀರಿನ ಜನರ ದಾರಿಯ ಹೋರಾಟ

ಪ್ರವೇಶ

ಮಲೆನಾಡಿನ ಚರಿತ್ರೆಯನ್ನು ಅರಸುಮನೆತನಗಳ, ಕೋಟೆಗಳ, ಶಾಸನಗಳ ನೆಲೆಯಿಂದ ಬರೆಯುವ ಪರಂಪರೆ ನಮ್ಮಲ್ಲಿ ಸಮೃದ್ಧವಾಗಿದೆ. ಕೆಳದಿ, ಇಕ್ಕೇರಿ, ಬಿದನೂರುಗಳ ನಾಯಕರನ್ನು ಕುರಿತು ಮೌಲಿಕ ಸಂಶೋಧನೆಗಳು ನಡೆದಿವೆ. ಆದರೆ ಇದೇ ಪ್ರದೇಶದ ಜನರು ಒಂದು ಊರಿನಿಂದ ಇನ್ನೊಂದು ಊರಿಗೆ ಹೇಗೆ ಹೋಗುತ್ತಿದ್ದರು, ಆ ದಾರಿಯನ್ನು ಯಾರು ಕಟ್ಟಿದರು, ಯಾರು ಕಿತ್ತುಕೊಂಡರು, ಮರಳಿ ಪಡೆಯಲು ಎಷ್ಟು ಕಾಲ ಕಾಯಬೇಕಾಯಿತು ಎಂಬ ಪ್ರಶ್ನೆಗಳು ಚರಿತ್ರೆಯ ವಸ್ತುವಾದದ್ದು ವಿರಳ. ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಮಟ್ಟಿಗೆ ಈ ಪ್ರಶ್ನೆಗಳು ಕೇವಲ ಸಾರಿಗೆಗೆ ಸಂಬಂಧಿಸಿದವುಗಳಲ್ಲ. ಅವು ಮುಳುಗಡೆಯ ಚರಿತ್ರೆಯೊಂದಿಗೆ ಬಿಡಿಸಲಾಗದಂತೆ ಹೆಣೆದುಕೊಂಡಿವೆ.

2025ರ ಜುಲೈ 14ರಂದು ಸಾಗರ ತಾಲ್ಲೂಕಿನ ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಶರಾವತಿ ಹಿನ್ನೀರಿನ ಮೇಲೆ ನಿರ್ಮಿಸಲಾದ 2.44 ಕಿಲೋಮೀಟರ್ ಉದ್ದದ ಸೇತುವೆ ಲೋಕಾರ್ಪಣೆಗೊಂಡಿತು. ಲಿಂಗನಮಕ್ಕಿ ಅಣೆಕಟ್ಟೆ ಪೂರ್ಣಗೊಂಡ 1964ರಿಂದ ಲೆಕ್ಕ ಹಾಕಿದರೆ ಈ ಸೇತುವೆ ಬರಲು ಆರು ದಶಕಗಳೇ ಬೇಕಾದವು. ಈ ದೀರ್ಘ ವಿಳಂಬದ ಹಿಂದಿನ ಕಾರಣಗಳನ್ನೂ, ಅದನ್ನು ಪ್ರಶ್ನಿಸಿದ ಸ್ಥಳೀಯರ ವಾದದ ಸ್ವರೂಪವನ್ನೂ, ಕೊನೆಗೆ ಸೇತುವೆಯನ್ನು ಮಂಜೂರು ಮಾಡಿಸಿದ ಸಂದರ್ಭವನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸಂಕ, ಕಡವು, ಹೊಳೆಬಾಗಿಲು

ಶರಾವತಿಯು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ ಮತ್ತು ಸಾಗರ ತಾಲ್ಲೂಕುಗಳ ಮೂಲಕ ಹರಿದು, ಜೋಗದಲ್ಲಿ 253 ಮೀಟರ್ ಆಳಕ್ಕೆ ಧುಮುಕಿ, ಹೊನ್ನಾವರದ ಬಳಿ ಅರಬ್ಬೀ ಸಮುದ್ರವನ್ನು ಸೇರುವ ನದಿ. ಒಟ್ಟು ಉದ್ದ ಸುಮಾರು 128 ಕಿಲೋಮೀಟರ್ ಮಾತ್ರ. ಆದರೆ ಘಟ್ಟದ ನೆತ್ತಿಯ ಭಾರಿ ಮಳೆಯನ್ನು ಹೊತ್ತು ತರುವ ಅಸಂಖ್ಯ ಹಳ್ಳಕೊಳ್ಳಗಳು ಇದನ್ನು ಸೇರುವುದರಿಂದ, ಮಳೆಗಾಲದ ನಾಲ್ಕು ತಿಂಗಳು ಈ ಪ್ರದೇಶದ ಪ್ರತಿಯೊಂದು ಮನೆಗೂ ದಾಟಬೇಕಾದ ಒಂದು ನೀರು ಇದ್ದೇ ಇರುತ್ತದೆ. ಮಲೆನಾಡಿನ ಮನೆಗಳು ಒತ್ತೊತ್ತಾಗಿ ಇರುವುದಿಲ್ಲ; ತೋಟ, ಗದ್ದೆ, ಬ್ಯಾಣಗಳ ನಡುವೆ ಚದುರಿರುತ್ತವೆ. ಆದ್ದರಿಂದ ದಾಟುವಿಕೆಯ ವ್ಯವಸ್ಥೆಯೂ ಚದುರಿದ್ದೇ ಆಗಿತ್ತು.

ಈ ವ್ಯವಸ್ಥೆಯಲ್ಲಿ ಮೂರು ಹಂತಗಳನ್ನು ಗುರುತಿಸಬಹುದು. ಮೊದಲನೆಯದು ಕಾಲುಸಂಕ. ಅಡಿಕೆ ಮರದ ದಬ್ಬೆಗಳನ್ನೋ ಕಾಡುಮರದ ದಿಮ್ಮಿಗಳನ್ನೋ ಹಳ್ಳದ ಎರಡು ದಡಗಳಿಗೆ ಅಡ್ಡಲಾಗಿ ಹಾಕಿ, ಕೈಹಿಡಿಗೆ ಬಿದಿರು ಕಟ್ಟಿದ ರಚನೆಯಿದು. ಮಳೆಗಾಲಕ್ಕೆ ಮುನ್ನ ಕೇರಿಯವರು ಕೂಡಿ ಹೊಸದಾಗಿ ಕಟ್ಟುತ್ತಿದ್ದರು. ನೆರೆಗೆ ಕೊಚ್ಚಿಹೋದರೆ ಮತ್ತೆ ಕಟ್ಟುತ್ತಿದ್ದರು. ಎರಡನೆಯದು ಕಡವು. ಅಗಲವಾದ ಹೊಳೆಗಳಲ್ಲಿ ದೋಣಿ ನಡೆಸುವ ಮನೆತನಗಳಿದ್ದು, ಸುಗ್ಗಿಯಲ್ಲಿ ಧಾನ್ಯರೂಪದ ಪ್ರತಿಫಲ ಪಡೆಯುವ ರೂಢಿಯಿತ್ತು. ಹೀಗೆ ದೋಣಿ ಹತ್ತುವ ಎಡೆಯನ್ನು ಜನ ಹೊಳೆಬಾಗಿಲು ಎಂದು ಕರೆದರು. ಹೊಳೆಯನ್ನು ತಡೆ ಎಂದು ಭಾವಿಸದೆ ಬಾಗಿಲೆಂದು ಕರೆದ ಈ ಪದದಲ್ಲಿ ಒಂದು ಜೀವನದೃಷ್ಟಿಯೇ ಅಡಗಿದೆ. ಅಂಬಾರಗೋಡ್ಲಿನ ದಡಕ್ಕೆ ಇದೇ ಹೆಸರು ಉಳಿದುಬಂದಿರುವುದು ಗಮನಾರ್ಹ. ಮೂರನೆಯದು ಪ್ರಭುತ್ವ ಕಟ್ಟಿಸಿದ ಸೇತುವೆ. ತೀರ್ಥಹಳ್ಳಿಯಲ್ಲಿ ತುಂಗಾ ನದಿಯ ಮೇಲಿರುವ, ಜಯಚಾಮರಾಜೇಂದ್ರ ಒಡೆಯರ ಹೆಸರು ಹೊತ್ತ ಕಮಾನು ಸೇತುವೆ ಇದಕ್ಕೆ ಉತ್ತಮ ನಿದರ್ಶನ.

ಕಾಲುಸಂಕ ಕೇರಿಯ ಹೊಣೆ, ಕಡವು ಊರಿನ ಹೊಣೆ, ಸೇತುವೆ ಸರ್ಕಾರದ ಹೊಣೆ ಎಂಬ ಅಲಿಖಿತ ವಿಭಜನೆ ಇದರಿಂದ ಸ್ಪಷ್ಟವಾಗುತ್ತದೆ. ಮೊದಲ ಎರಡರಲ್ಲಿ ಎಲ್ಲಿ ದಾಟಬೇಕು ಎಂಬ ತೀರ್ಮಾನ ದಾಟುವವರದೇ ಆಗಿತ್ತು. ಮೂರನೆಯದರಲ್ಲಿ ಆ ತೀರ್ಮಾನ ದೂರದ ಕಚೇರಿಗೆ ಹೋಯಿತು. ಮುಂದಿನ ಹೋರಾಟದ ಬೀಜ ಈ ವರ್ಗಾವಣೆಯಲ್ಲಿದೆ.

ಎರಡು ಅಣೆಕಟ್ಟೆಗಳು ಮತ್ತು ಮುಳುಗಿದ ದಾರಿಗಳು

ಶರಾವತಿಯ ಮೊದಲ ದೊಡ್ಡ ಜಲಾಶಯ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೆಯಿಂದ ಉಂಟಾಯಿತು. ಜೋಗದ ವಿದ್ಯುದಾಗಾರಕ್ಕೆ ನೀರೊದಗಿಸಲು ಕಟ್ಟಿದ ಈ ಅಣೆಕಟ್ಟೆ, ಗಣೇಶ್ ಅಯ್ಯರ್ ಅವರು ರೂಪಿಸಿದ ಸುರುಳಿಯಾಕಾರದ ಸೈಫನ್‌ಗಳಿಂದಾಗಿ ತಾಂತ್ರಿಕ ವಲಯದಲ್ಲಿ ಹೆಸರುವಾಸಿಯಾಗಿತ್ತು. 1948ರಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾಯಿತು. ಮೊದಲು ಕೃಷ್ಣರಾಜೇಂದ್ರರ ಹೆಸರಿನಲ್ಲಿದ್ದ ಯೋಜನೆ ಬಳಿಕ ಮಹಾತ್ಮಾ ಗಾಂಧಿ ಜಲವಿದ್ಯುತ್ ಯೋಜನೆ ಎನಿಸಿತು. ಎರಡು ದಶಕ ಕಳೆಯುವ ಮುನ್ನವೇ, ಕೆಳಭಾಗದಲ್ಲಿ ಇದಕ್ಕಿಂತ ಬೃಹತ್ತಾದ ಲಿಂಗನಮಕ್ಕಿ ಅಣೆಕಟ್ಟೆ ಎದ್ದಿತು. ಗರಿಷ್ಠ ಮಟ್ಟ 1819 ಅಡಿ, ಸಂಗ್ರಹ ಸಾಮರ್ಥ್ಯ ನೂರೈವತ್ತು ಟಿಎಂಸಿಗೂ ಮಿಗಿಲು. ಈ ಹೊಸ ಜಲಾಶಯದಲ್ಲಿ ಹಳೆಯ ಅಣೆಕಟ್ಟೆಯೇ ಮುಳುಗಿಹೋಯಿತು. ಮಳೆ ಕೈಕೊಟ್ಟ ವರ್ಷಗಳ ಬೇಸಿಗೆಯಲ್ಲಿ ಹಿರೇಭಾಸ್ಕರದ ಗೋಡೆ ನೀರಿನಿಂದ ಮೇಲೆದ್ದು ಕಾಣುತ್ತದೆ. ಒಂದು ಅಣೆಕಟ್ಟೆ ಇನ್ನೊಂದನ್ನು ನುಂಗಿದ ಈ ದೃಶ್ಯ, ಯೋಜನೆಗಳ ಬೆನ್ನ ಹಿಂದೆ ಯೋಜನೆಗಳು ಬರುವ ಶರಾವತಿ ಕಣಿವೆಯ ಚರಿತ್ರೆಗೆ ಸಾಕ್ಷಿಯಾಗಿದೆ.

ಮುಳುಗಡೆಯ ಲೆಕ್ಕವನ್ನು ಸಾಮಾನ್ಯವಾಗಿ ಎಕರೆಗಳಲ್ಲಿ, ಮನೆಗಳಲ್ಲಿ, ಹಳ್ಳಿಗಳಲ್ಲಿ ಹೇಳಲಾಗುತ್ತದೆ. ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ನೂರಕ್ಕೂ ಹೆಚ್ಚು ಹಳ್ಳಿಗಳು ಪೂರ್ಣವಾಗಿಯೋ ಭಾಗಶಃವಾಗಿಯೋ ನೀರಿನ ಪಾಲಾದವು. ಆದರೆ ಪರಿಹಾರದ ಕಡತಗಳಲ್ಲಿ ದಾಖಲಾಗದ ಒಂದು ನಷ್ಟವಿದೆ. ಅದು ದಾರಿಯ ನಷ್ಟ. ಗದ್ದೆಗೆ, ಮನೆಗೆ, ತೋಟದ ಮರಕ್ಕೆ ಬೆಲೆ ಕಟ್ಟಿದ ಅಧಿಕಾರಿಗಳು, ಊರಿನಿಂದ ಸಂತೆಗೆ, ಸಂತೆಯಿಂದ ತಾಲ್ಲೂಕು ಕೇಂದ್ರಕ್ಕೆ ಹೋಗುವ ದಾರಿಗೆ ಬೆಲೆ ಕಟ್ಟಲಿಲ್ಲ. ದಾರಿ ಯಾರ ಖಾತೆಯ ಆಸ್ತಿಯೂ ಅಲ್ಲವಾದ್ದರಿಂದ ಅದರ ಪರಿಹಾರ ಕೇಳುವ ವ್ಯಕ್ತಿಯೂ ಕಾನೂನಿನ ದೃಷ್ಟಿಯಲ್ಲಿ ಇರಲಿಲ್ಲ.

ಕರೂರು ಮತ್ತು ಬಾರಂಗಿ ಹೋಬಳಿಗಳ ಸ್ಥಿತಿ ಈ ನಷ್ಟದ ಅತ್ಯಂತ ತೀವ್ರ ಉದಾಹರಣೆ. ತುಮರಿ, ಬ್ಯಾಕೋಡು, ಕಳಸವಳ್ಳಿ ಮೊದಲಾದ ಊರುಗಳು ನೀರಿನಲ್ಲಿ ಮುಳುಗದೆ ಉಳಿದವು. ಆದರೆ ಒಂದು ಕಡೆ ಹಿನ್ನೀರು, ಇನ್ನೊಂದು ಕಡೆ ಘಟ್ಟದಂಚಿನ ದಟ್ಟಾರಣ್ಯ ಇವುಗಳ ನಡುವೆ ಸಿಲುಕಿದವು. ಭೂಗೋಳದ ಕಟ್ಟುನಿಟ್ಟಿನ ಅರ್ಥದಲ್ಲಿ ಇವು ದ್ವೀಪಗಳಲ್ಲದಿದ್ದರೂ ಜನರ ಮಾತಿನಲ್ಲಿ ಈ ಸೀಮೆ ದ್ವೀಪವೇ ಆಯಿತು. ತಮ್ಮದೇ ತಾಲ್ಲೂಕು ಕೇಂದ್ರವಾದ ಸಾಗರಕ್ಕೆ ರಸ್ತೆಯಲ್ಲೇ ಹೋಗಬೇಕೆಂದರೆ ಹಿನ್ನೀರನ್ನು ಬಳಸಿಕೊಂಡು ಬಹುದೂರ ಸುತ್ತಬೇಕಾಯಿತು.

ಈ ಅನುಭವಕ್ಕೆ ಸಾಹಿತ್ಯರೂಪ ಕೊಟ್ಟವರು ನಾ. ಡಿಸೋಜ. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯನ್ನು ಹತ್ತಿರದಿಂದ ಕಂಡಿದ್ದ ಅವರ ‘ಮುಳುಗಡೆ’, ‘ದ್ವೀಪ’ ಕೃತಿಗಳು ಸಂತ್ರಸ್ತರ ಬದುಕನ್ನು ಕನ್ನಡ ಓದುಗರ ಮುಂದಿಟ್ಟವು. ‘ದ್ವೀಪ’ವನ್ನು ಆಧರಿಸಿ ಗಿರೀಶ್ ಕಾಸರವಳ್ಳಿ ನಿರ್ದೇಶಿಸಿದ ಚಲನಚಿತ್ರ 2001ನೆಯ ಸಾಲಿನ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಗಳಿಸಿತು. ಸರ್ಕಾರಿ ದಾಖಲೆಗಳು ಮೌನವಾಗಿರುವ ಕಡೆ ಇಂತಹ ಕೃತಿಗಳು ಚರಿತ್ರೆಗೆ ಪೂರಕ ಆಕರಗಳಾಗುತ್ತವೆ.

ಲಾಂಚಿನ ಕಾಲ

ಮುಳುಗಿದ ದಾರಿಗೆ ಬದಲಾಗಿ ಸರ್ಕಾರ ಒದಗಿಸಿದ್ದು ಲಾಂಚ್ ಸೇವೆ. ಹೊಳೆಬಾಗಿಲು, ಹಸಿರುಮಕ್ಕಿ, ಮುಪ್ಪಾನೆ ಈ ಮೂರು ಕಡವುಗಳು ಇದರಿಂದ ಪ್ರಸಿದ್ಧವಾದವು. ಚಪ್ಪಟೆಯಾದ ತೇಲುವ ವೇದಿಕೆಯ ಮೇಲೆ ಬಸ್ಸು, ಜೀಪು, ದ್ವಿಚಕ್ರ ವಾಹನ, ಜನ, ದಿನಸಿ, ಗೊಬ್ಬರ, ಅಡಿಕೆ ಮೂಟೆ ಎಲ್ಲವನ್ನೂ ಒಟ್ಟಿಗೆ ಸಾಗಿಸುವ ವ್ಯವಸ್ಥೆಯಿದು. ಒಳನಾಡು ಜಲಸಾರಿಗೆಯ ಸಿಬ್ಬಂದಿ ದಶಕಗಳ ಕಾಲ ಗಾಳಿ, ಮಳೆ, ಮಂಜುಗಳಲ್ಲಿ ಇದನ್ನು ನಡೆಸಿದ ರೀತಿ ಪ್ರಶಂಸಾರ್ಹ. ಆ ಸೇವೆ ಇರದಿದ್ದಲ್ಲಿ ಎಷ್ಟೋ ಕುಟುಂಬಗಳು ಊರು ಬಿಟ್ಟಿರುತ್ತಿದ್ದವು.

ಆದರೆ ಲಾಂಚಿನ ಸ್ವಭಾವದಲ್ಲೇ ಎರಡು ಮಿತಿಗಳಿದ್ದವು. ಮೊದಲನೆಯದು ವೇಳೆಯ ಮಿತಿ. ಕತ್ತಲಾಗುತ್ತಿದ್ದಂತೆ ಲಾಂಚ್ ನಿಲ್ಲುತ್ತಿತ್ತು. ಹೆರಿಗೆ, ಹಾವು ಕಡಿತ, ಎದೆನೋವು ಯಾವುದೂ ವೇಳಾಪಟ್ಟಿ ನೋಡಿ ಬರುವುದಿಲ್ಲ. ಎರಡನೆಯದು ಮಟ್ಟದ ಮಿತಿ. ಲಿಂಗನಮಕ್ಕಿ ವಿದ್ಯುತ್ತಿಗಾಗಿ ಕಟ್ಟಿದ ಜಲಾಶಯ. ಮಳೆಗಾಲದಲ್ಲಿ ತುಂಬಿ, ಉತ್ಪಾದನೆ ಸಾಗಿದಂತೆ ಬೇಸಿಗೆಯಲ್ಲಿ ಇಳಿಯುವುದು ಅದರ ಕ್ರಮ. ನೀರು ಇಳಿದಂತೆ ದಡ ಹಿಂದೆ ಸರಿಯುತ್ತದೆ, ಲಾಂಚ್ ನಿಲ್ಲುವ ಎಡೆ ಬದಲಾಗುತ್ತದೆ, ಕೆಸರಿನಲ್ಲಿ ವಾಹನ ಇಳಿಸುವುದು ದುಸ್ತರವಾಗುತ್ತದೆ. ಮಳೆ ಕಡಿಮೆಯಾದ ವರ್ಷಗಳಲ್ಲಿ ವಾಹನ ಸಾಗಣೆಯನ್ನೇ ನಿಲ್ಲಿಸಬೇಕಾಗುತ್ತಿತ್ತು. ಅಂದರೆ ನಾಡಿಗೆ ಹೆಚ್ಚು ವಿದ್ಯುತ್ ತೆಗೆದಷ್ಟೂ ತುಮರಿಯ ದಾರಿ ಕಿರಿದಾಗುತ್ತಿತ್ತು. 1035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರಕ್ಕೂ ಒಂದು ಹೋಬಳಿಯ ಬಸ್ಸಿಗೂ ಇದ್ದ ಈ ನೇರ ಸಂಬಂಧ ಯೋಜನಾ ವರದಿಗಳಲ್ಲಿ ಸ್ಥಾನ ಪಡೆಯುವಂಥದಲ್ಲ. ಸ್ಥಳೀಯರ ಪಾಲಿಗೆ ಅದು ದಿನನಿತ್ಯದ ತಿಳಿವಳಿಕೆಯಾಗಿತ್ತು.

ಸಿಗಂದೂರು ಚೌಡೇಶ್ವರಿ ಕ್ಷೇತ್ರದ ಖ್ಯಾತಿ ನಾಡಿನಾದ್ಯಂತ ಹರಡಿದ ಮೇಲೆ ಮೂರನೆಯ ತೊಡಕೊಂದು ಸೇರಿಕೊಂಡಿತು. ರಜಾದಿನಗಳಲ್ಲಿ ಭಕ್ತರ ವಾಹನಗಳು ದಡದಲ್ಲಿ ಉದ್ದನೆಯ ಸಾಲು ಹಚ್ಚಿದವು. ಹಾಲು, ಔಷಧಿ, ಶಾಲೆ, ಕಚೇರಿಗಾಗಿ ಹೊರಟ ಊರಿನವರು ತಮ್ಮ ಹೊಳೆಬಾಗಿಲಿನಲ್ಲೇ ಅಪರಿಚಿತರ ಹಿಂದೆ ಸರದಿ ಕಾಯಬೇಕಾಯಿತು.

ಬೇಡಿಕೆಯ ಸ್ವರೂಪ

ಸೇತುವೆಗಾಗಿ ನಡೆದ ಒತ್ತಾಯವನ್ನು ಈ ಪ್ರದೇಶದ ರಾಜಕೀಯ ಪರಂಪರೆಯಿಂದ ಬೇರ್ಪಡಿಸಿ ನೋಡಲಾಗದು. 1951ರ ಕಾಗೋಡು ಸತ್ಯಾಗ್ರಹ ನಡೆದದ್ದು ಸಾಗರ ತಾಲ್ಲೂಕಿನಲ್ಲಿ. ದೀವರ ಸಮುದಾಯದ ಗೇಣಿದಾರರು ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ಸಂಘಟಿತರಾದಾಗ ಸಮಾಜವಾದಿಗಳು ಬೆಂಬಲಕ್ಕೆ ನಿಂತರು. ರಾಮಮನೋಹರ ಲೋಹಿಯಾ ಇಲ್ಲಿಗೆ ಬಂದು ಬಂಧನಕ್ಕೊಳಗಾದರು. ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ ಹುಟ್ಟಿದ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಸಾಗರ–ಹೊಸನಗರ ಕ್ಷೇತ್ರದಿಂದ ವಿಧಾನಸಭೆಗೆ ಆಯ್ಕೆಯಾದರು. ಉಳುವವನಿಗೆ ನೆಲದ ಹಕ್ಕು ಎಂಬ ವಿಚಾರ ಬೇರೂರುತ್ತಿದ್ದ ಹೊತ್ತಿನಲ್ಲೇ, ಅದೇ ನೆಲದ ಬಹುಭಾಗವನ್ನು ಮುಳುಗಿಸುವ ಯೋಜನೆಯ ಸಿದ್ಧತೆ ನಡೆಯಿತು ಎಂಬುದು ಚರಿತ್ರೆಯ ವ್ಯಂಗ್ಯ. ಗೇಣಿಯ ವಿರುದ್ಧ ದನಿಯೆತ್ತಿದ ಜನರೇ ಮುಳುಗಡೆಯ ಎದುರು ಅಷ್ಟು ಗಟ್ಟಿಯಾಗಿ ನಿಲ್ಲಲಾಗಲಿಲ್ಲ. ನಾಡಿಗೆ ಬೆಳಕು ಎಂಬ ಮಾತಿನ ಎದುರು ಪ್ರತಿವಾದ ಹೂಡುವ ಭಾಷೆ ಆಗಿನ್ನೂ ರೂಪುಗೊಂಡಿರಲಿಲ್ಲ.

ಆ ಭಾಷೆ ನಿಧಾನವಾಗಿ ಸೇತುವೆಯ ಬೇಡಿಕೆಯ ಮೂಲಕ ರೂಪುಗೊಂಡಿತು. ಮನವಿಪತ್ರ, ಸಭೆ, ಧರಣಿಗಳ ಹಾದಿಯಲ್ಲಿ ತಲೆಮಾರುಗಳು ಕಳೆದವು. ಆಡಳಿತದ ನಿಲುವು ಲೆಕ್ಕಾಚಾರದ್ದು: ಇಷ್ಟು ವಿರಳ ಜನಸಂಖ್ಯೆಗಾಗಿ ಎರಡು ಕಿಲೋಮೀಟರಿಗೂ ಉದ್ದದ, ಆಳ ನೀರಿನಲ್ಲಿ ಬುನಾದಿ ಬೇಡುವ ಸೇತುವೆ ದುಬಾರಿ, ಲಾಂಚ್ ಇದೆಯಲ್ಲ. ಸ್ಥಳೀಯರ ವಾದ ಈ ಲೆಕ್ಕದ ಆರಂಭಬಿಂದುವನ್ನೇ ಪ್ರಶ್ನಿಸಿತು. ವಿರಳ ಜನಸಂಖ್ಯೆ ಎಂಬುದು ಮುಳುಗಡೆಯ ಪರಿಣಾಮವೇ ಆಗಿರುವಾಗ, ಅದನ್ನೇ ಸೇತುವೆ ನಿರಾಕರಿಸಲು ಕಾರಣವಾಗಿ ಬಳಸುವುದು ನ್ಯಾಯವಲ್ಲ. ತಾವು ಹೊಸ ಸೌಲಭ್ಯ ಬೇಡುತ್ತಿಲ್ಲ, ಕಳೆದುಕೊಂಡ ದಾರಿಯನ್ನು ಮರಳಿ ಕೇಳುತ್ತಿದ್ದೇವೆ. ಆದ್ದರಿಂದ ಸೇತುವೆಯ ವೆಚ್ಚ ಅಣೆಕಟ್ಟೆಯ ವೆಚ್ಚದ ಬಾಕಿ ಭಾಗ ಎಂಬುದು ಆ ವಾದದ ತಿರುಳು. ಹೀಗೆ ನೋಡಿದಾಗ ಸೇತುವೆಯ ಬೇಡಿಕೆಯು 1964ರ ತೀರ್ಮಾನದ ಮರುಪರಿಶೀಲನೆಗೆ ಸಲ್ಲಿಸಿದ ಅರ್ಜಿಯೆಂದೇ ಭಾಸವಾಗುತ್ತದೆ.

ಮಂಜೂರಾತಿಯ ದಾರಿ

ಈ ವಾದಕ್ಕೆ ನೈತಿಕ ಬಲವಿದ್ದರೂ ಸೇತುವೆ ಮಂಜೂರಾದದ್ದು ಇದರ ಆಧಾರದ ಮೇಲೆ ಅಲ್ಲ ಎಂಬುದನ್ನು ಗಮನಿಸಬೇಕು. ಸಾಗರದಿಂದ ಸಿಗಂದೂರಿನ ಮೂಲಕ ಕೊಲ್ಲೂರಿನ ದಿಕ್ಕಿಗೆ ಸಾಗಿ ಮರಕುಟಿಕ ತಲುಪುವ ಮಾರ್ಗ 369ಇ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿಯಾದ ಮೇಲೆ ಸೇತುವೆಗೆ ಕೇಂದ್ರದ ಅನುದಾನದ ಬಾಗಿಲು ತೆರೆಯಿತು. 2018ರ ಫೆಬ್ರವರಿಯಲ್ಲಿ ಕೇಂದ್ರ ಹೆದ್ದಾರಿ ಸಚಿವ ನಿತಿನ್ ಗಡ್ಕರಿಯವರಿಂದ ಶಂಕುಸ್ಥಾಪನೆ ನೆರವೇರಿತು. ಊರಿನ ಹಳೆಯ ದಾರಿಯಾಗಿ ದೊರೆಯದ ಸೇತುವೆ, ತೀರ್ಥಕ್ಷೇತ್ರಗಳನ್ನು ಜೋಡಿಸುವ ಹೆದ್ದಾರಿಯ ಭಾಗವಾಗಿ ದೊರೆಯಿತು. ಹಕ್ಕಿನ ಭಾಷೆಯಲ್ಲಿ ಆರಂಭವಾದ ಬೇಡಿಕೆ ಪ್ರವಾಸ ಮತ್ತು ಸಂಪರ್ಕದ ಭಾಷೆಯಲ್ಲಿ ಈಡೇರಿತು.

ತಾಂತ್ರಿಕವಾಗಿ ಇದು ಸಾಧಾರಣ ಕೆಲಸವಲ್ಲ. ವರ್ಷದುದ್ದಕ್ಕೂ ನೀರು ನಿಂತಿರುವ, ಮಟ್ಟ ಏರಿಳಿಯುವ ಜಲಾಶಯದಲ್ಲಿ ಕಂಬಗಳ ಸಂಖ್ಯೆ ಕಡಿಮೆಯಿದ್ದಷ್ಟೂ ಒಳಿತು. ಆದ್ದರಿಂದ ಮಧ್ಯಭಾಗದಲ್ಲಿ ಗಿಡ್ಡ ಗೋಪುರಗಳಿಂದ ಉಕ್ಕಿನ ಕೇಬಲ್‌ಗಳನ್ನು ಇಳಿಬಿಟ್ಟು ಉದ್ದನೆಯ ಅಂಕಣಗಳನ್ನು ಹೊರುವ ವಿನ್ಯಾಸವನ್ನು ಆಯ್ದುಕೊಳ್ಳಲಾಯಿತು. ಸೇತುವೆಯ ಅಗಲ 16 ಮೀಟರ್. ಯೋಜನೆಯ ವೆಚ್ಚ 470 ಕೋಟಿ ರೂಪಾಯಿಗಳಿಗೂ ಮಿಗಿಲು. 2025ರ ಜುಲೈನಲ್ಲಿ ನಡೆದ ಉದ್ಘಾಟನೆಯ ಸಂದರ್ಭದಲ್ಲಿ ಆಹ್ವಾನದ ರೀತಿ ಮತ್ತು ದಿನಾಂಕವನ್ನು ಕುರಿತು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕೇಂದ್ರ ಸಚಿವರಿಗೆ ಆಕ್ಷೇಪ ವ್ಯಕ್ತಪಡಿಸಿದರು. ಕಾರ್ಯಕ್ರಮದಿಂದ ರಾಜ್ಯ ಸರ್ಕಾರ ದೂರ ಉಳಿಯಿತು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಯಾರೂ ತಮ್ಮದೆನ್ನದ ಹೊಣೆ, ಪೂರ್ಣಗೊಂಡ ದಿನ ಎಲ್ಲರ ಹಕ್ಕಿನ ವಿಷಯವಾಯಿತು. ಈ ಚರ್ಚೆಯ ಗದ್ದಲದಲ್ಲಿ ಮುಳುಗಡೆಯ ತಲೆಮಾರಿನ ಹೆಸರು ಕೇಳಿಬಂದದ್ದು ಕಡಿಮೆ. ಆ ತಲೆಮಾರಿನ ಕತೆಗಾರರಾದ ನಾ. ಡಿಸೋಜರು ಅದೇ ವರ್ಷದ ಜನವರಿ 5ರಂದು ನಿಧನರಾಗಿದ್ದರು.

ಹೊರಗಿನ ಎರಡು ನಿದರ್ಶನಗಳು

ಕಡವಿನ ಬದಲು ಸೇತುವೆ ಬಂದಾಗ ಅದನ್ನು ಯಾರು ನಿರ್ಧರಿಸಬೇಕು ಎಂಬ ಪ್ರಶ್ನೆ ಬೇರೆಡೆಗಳಲ್ಲೂ ಎದ್ದಿದೆ. ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪವನ್ನು ಮುಖ್ಯಭೂಮಿಗೆ ಜೋಡಿಸುವ ಪ್ರಸ್ತಾಪದ ಬಗ್ಗೆ 1988ರಲ್ಲಿ ದ್ವೀಪವಾಸಿಗಳ ಜನಮತ ಪಡೆಯಲಾಯಿತು. ಐವರಲ್ಲಿ ಸುಮಾರು ಮೂವರು ಒಪ್ಪಿದರು. ವಿರೋಧಿಸಿದವರ ವಾದವೂ ಸಾರ್ವಜನಿಕವಾಗಿ ಮಂಡನೆಯಾಯಿತು. 1997ರಲ್ಲಿ ಸೇತುವೆ ತೆರೆಯಿತು. ಸ್ಕಾಟ್ಲೆಂಡಿನ ಸ್ಕೈ ದ್ವೀಪದಲ್ಲಿ 1995ರಲ್ಲಿ ದೋಣಿಸೇವೆಯ ಸ್ಥಾನದಲ್ಲಿ ಸೇತುವೆ ಬಂದರೂ, ಅದರ ದುಬಾರಿ ಸುಂಕವನ್ನು ಸ್ಥಳೀಯರು ಪ್ರತಿಭಟಿಸಿದರು. ಹಲವರು ಸುಂಕ ಕೊಡಲು ನಿರಾಕರಿಸಿ ಮೊಕದ್ದಮೆ ಎದುರಿಸಿದರು. 2004ರ ಕೊನೆಗೆ ಸುಂಕ ರದ್ದಾಯಿತು. ಮೊದಲ ನಿದರ್ಶನದಲ್ಲಿ ಜನರನ್ನು ಮುಂಚೆಯೇ ಕೇಳಲಾಯಿತು, ಎರಡನೆಯದರಲ್ಲಿ ಜನರು ಆಮೇಲೆ ಕೇಳಿಸಿದರು. ಶರಾವತಿಯ ಜನರನ್ನು ಅಣೆಕಟ್ಟೆಗೆ ಮುನ್ನ ಕೇಳಲಿಲ್ಲ. ಬಳಿಕ ಅವರು ಕೇಳಿಸಲು ಅರ್ಧ ಶತಮಾನ ಹಿಡಿಯಿತು.

ಉಪಸಂಹಾರ

ಒಂದು ಸೇತುವೆಯಿಂದ ಮುಳುಗಡೆಯ ಲೆಕ್ಕ ತೀರುವುದಿಲ್ಲ. ಸಾಗರ–ಹೊಸನಗರಗಳ ನಡುವಣ ಪಟಗುಪ್ಪದಲ್ಲಿ ಸೇತುವೆಯಾಯಿತು. ಹಸಿರುಮಕ್ಕಿಯಲ್ಲಿ ಕಾಮಗಾರಿ ವರ್ಷಗಟ್ಟಲೆ ಎಳೆಯಿತು. ಚಕ್ರಾ, ಸಾವೆಹಕ್ಲು, ಮಾಣಿ ಜಲಾಶಯಗಳು ಹೊಸನಗರ ತಾಲ್ಲೂಕಿನಲ್ಲಿ ಮತ್ತಷ್ಟು ನೆಲವನ್ನು ಮುಳುಗಿಸಿದವು. ಸಂತ್ರಸ್ತರಿಗೆ ಅರಣ್ಯಭೂಮಿಯಲ್ಲಿ ನೆಲೆ ತೋರಿಸಿದ ಸರ್ಕಾರ ಆ ಭೂಮಿಯ ಹಕ್ಕುಪತ್ರವನ್ನು ಕಾನೂನುಬದ್ಧಗೊಳಿಸುವ ಕೆಲಸವನ್ನು ಬಾಕಿ ಉಳಿಸಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಬಳಿಕ ಅದಕ್ಕೆ ಕೇಂದ್ರದ ಅನುಮತಿ ಅನಿವಾರ್ಯವಾಯಿತು. ಆ ಅನುಮತಿಯಿಲ್ಲದೆ ರಾಜ್ಯ ಹೊರಡಿಸಿದ್ದ ಆದೇಶಗಳು 2021ರಲ್ಲಿ ಹೈಕೋರ್ಟಿನಲ್ಲಿ ನಿಲ್ಲಲಿಲ್ಲ. ಹೀಗೆ ದಾರಿ ದೊರೆತ ಕುಟುಂಬಗಳಲ್ಲೂ ಮನೆಯಡಿಯ ನೆಲ ಇನ್ನೂ ತಮ್ಮದಾಗದವರಿದ್ದಾರೆ.

ಸೇತುವೆಯ ಹೋರಾಟ ಕಲಿಸಿದ ಪಾಠ ಮಾತ್ರ ವ್ಯರ್ಥವಾಗಲಿಲ್ಲ. 2019ರಲ್ಲಿ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪ ಬಂದಾಗ ಜಿಲ್ಲೆಯ ಜನ ಜುಲೈ 10ರಂದು ಬಂದ್ ಆಚರಿಸಿ ವಿರೋಧಿಸಿದರು; ಮುಂಚೂಣಿಯಲ್ಲಿ ನಾ. ಡಿಸೋಜರಿದ್ದರು. ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವಣ 2000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಯೋಜನೆಯ ವಿಷಯದಲ್ಲೂ, ಸಿಂಗಳೀಕಗಳ ಅಭಯಾರಣ್ಯವಾದ ಕಣಿವೆಯ ಭವಿಷ್ಯವನ್ನು ಮುಂದಿಟ್ಟು 2025ರಲ್ಲಿ ಬಲವಾದ ಆಕ್ಷೇಪಗಳು ದಾಖಲಾದವು. 1964ರಲ್ಲಿ ಇರದಿದ್ದ ಪ್ರತಿವಾದದ ಭಾಷೆ ಈಗ ಈ ನೆಲದಲ್ಲಿದೆ.

ಈ ಚರಿತ್ರೆಯ ಆಕರಗಳು ಇಂದಿಗೂ ಚದುರಿವೆ. ಲಾಂಚ್ ಸೇವೆಯ ದಿನಚರಿಗಳು, ಗ್ರಾಮ ಪಂಚಾಯಿತಿಗಳ ಠರಾವು ಪುಸ್ತಕಗಳು, ಮನವಿಪತ್ರಗಳ ಪ್ರತಿಗಳು, ಪುನರ್ವಸತಿ ಕಚೇರಿಗಳ ಕಡತಗಳು ಮತ್ತು ಮುಳುಗಡೆಯನ್ನು ಕಣ್ಣಾರೆ ಕಂಡ ಹಿರಿಯರ ನೆನಪುಗಳನ್ನು ಒಂದೆಡೆ ಸಂಗ್ರಹಿಸುವ ಕೆಲಸ ತ್ವರಿತವಾಗಿ ನಡೆಯಬೇಕಾಗಿದೆ. ಸೇತುವೆ ಬಂದ ಮೇಲೆ ಲಾಂಚ್ ನೆನಪಾಗುತ್ತದೆ. ಒಂದು ತಲೆಮಾರು ಸರಿದರೆ ಆ ನೆನಪೂ ಉಳಿಯದು. ಮುಳುಗಿದ ದಾರಿಗಳಿಗೆ ಪರಿಹಾರದ ಕಡತದಲ್ಲಿ ಒಂದು ಸಾಲು ಸಿಗಲಿಲ್ಲ. ಅವುಗಳಿಗೆ ಚರಿತ್ರೆಯ ಪುಟದಲ್ಲಾದರೂ ಸ್ಥಳ ದೊರೆಯಬೇಕು.